ಹದಿನಾಲ್ಕು ಮೆಟ್ಟಿಲು, ಒಂದು ಮಂಡಿ

ಟೈಲರಮ್ಮನ ಮಂಡಿ ಕಟಕ್ ಅಂದರೆ ಮೂರು ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಅಂಗಡಿಯ ಮೇಲೆಯೇ ಅವಳ ಅಕ್ಕನ ಕೋಣೆ. ನಡುವೆ ಹದಿನಾಲ್ಕು ಮೆಟ್ಟಿಲು. ಹಾಸಿಗೆ ಹಿಡಿದ ಅಕ್ಕ ಇಳಿಯಲಾರಳು, ಇವಳು ಹತ್ತಲಾರಳು. ಅಕ್ಕನಿಗೆ ಊಟ ಒಯ್ಯುವ ಪಕ್ಕದ ಮನೆಯವರು ನಿನ್ನನ್ನೂ ಎತ್ತಿಕೊಂಡು ಹೋಗುತ್ತೇವೆ ಅಂದರೆ, ಮಾನ ಹೋಗುತ್ತದೆ ಅನ್ನುತ್ತಿದ್ದಳು ಟೈಲರಮ್ಮ. ವರ್ಷದಿಂದ ಮಾತೆಲ್ಲ ಮೆಟ್ಟಿಲ ಬುಡದಿಂದ ಕೂಗಿಯೇ.

ಮಂಡಿ ಬದಲಿಸಬೇಕೆಂದು ಡಾಕ್ಟರು ಹೇಳಿಯೂ ವರ್ಷವಾಗಿತ್ತು. ಆದರೆ ಯಾವ ಮಂಡಿ? ಟೈಲರಮ್ಮ ಬಗೆಬಗೆಯ ಕೃತಕ ಮಂಡಿಗಳ ಚಿತ್ರ ಕತ್ತರಿಸಿ, ಅಂಗಿಯ ಮಾದರಿಗಳ ಪಕ್ಕ ಗೋಡೆಗೆ ಚುಚ್ಚಿದ್ದಳು. ಗುಂಡಿ ಹಾಕಿಸಲು ಬಂದವರೂ ಅಭಿಪ್ರಾಯ ಹೇಳಿಯೇ ಹೋಗಬೇಕು.

ಕೋಟು ಸಡಿಲ ಮಾಡಿಸಲು ಬಂದ ನರ್ಸಮ್ಮ ಗೋಡೆ ನೋಡಿ ನಕ್ಕಳು.

"ಏನಮ್ಮ, ಮಂಡಿಗೂ ಫ್ಯಾಷನ್ನಾ?"

"ನಗಬೇಡ ಕಣೇ. ಇದರ ಮಧ್ಯದ ಪ್ಲಾಸ್ಟಿಕ್ ತಿರುಗತ್ತಂತೆ, ಅದರದ್ದು ತಿರುಗಲ್ವಂತೆ. ಒಂದ್ರಲ್ಲಿ ಮೂಳೆ ಕಟ್ಟೋ ಒಳಗಿನ ಹಗ್ಗ ಉಳಿಸ್ತಾರಂತೆ, ಇನ್ನೊಂದ್ರಲ್ಲಿ ತೆಗೀತಾರಂತೆ. ತಪ್ಪು ಆರಿಸಿದ್ರೆ ಬಿಚ್ಚಿ ಹೊಲಿಯೋಕಾಗತ್ತಾ?"

"ಹಾಕಿಸ್ಕೊಂಡೋರನ್ನ ವರ್ಷಗಟ್ಲೆ ನೋಡಿ ಹೋಲಿಸಿದಾರಮ್ಮ. ನೋವು ಇಳಿಯೋದ್ರಲ್ಲಿ, ನಡೆಯೋದ್ರಲ್ಲಿ ಅಂಥಾ ವ್ಯತ್ಯಾಸ ಕಂಡಿಲ್ಲ. ನಿಮ್ಮ ಕಾಲಿಗೆ ಯಾವುದು, ಯಾಕೆ ಅಂತ ಡಾಕ್ಟರನ್ನೇ ಕೇಳಿ. ಅದು ಸರಿಯಾಗಿ ಕೂರಬೇಕು, ಆಮೇಲೆ ನೀವು ವ್ಯಾಯಾಮ ಬಿಡಬಾರದು."

"ಅಂದ್ರೆ ಬಟ್ಟೆ ಯಾವ್ದಾದ್ರೂ ಅಳತೆ, ಕತ್ತರಿ ಸರಿಯಿರಬೇಕು ಅಂತೀಯ."

"ಬಟ್ಟೆನೂ ಒಗೆದು ನೋಡಿದ್ದಾಗಿರಲಿ. ಹೊಸದು, ದುಬಾರಿ ಅಂದ ಮಾತ್ರಕ್ಕೆ ಮರುಳಾಗಬೇಡಿ."

ಮೇಲಿನಿಂದ ಅಕ್ಕನ ದನಿ ಬಂತು. "ಹೂಂ ಅನ್ನೇ. ನೀನು ಆರಿಸೋ ಹೊತ್ತಿಗೆ ನಾನು ಗೋಡೆ ಮೇಲಿನ ಫೋಟೋ ಆಗಿರ್ತೀನಿ."

ಟೈಲರಮ್ಮ ಗೋಡೆಯ ಚಿತ್ರಗಳತ್ತ ತಿರುಗಿದಳು. ಒಂದೊಂದೇ ಪಿನ್ನು ಕಿತ್ತು ಡಬ್ಬಿಗೆ ಹಾಕಿದಳು.

ಆಪರೇಷನ್ ಆಯಿತು. ಮಂಡಿ ಮಡಚಿಸುವಾಗ ನರ್ಸಮ್ಮನ ಏಳು ತಲೆಮಾರಿಗೂ ಬೈಗುಳ ಸಂದಿತು. ವ್ಯಾಯಾಮ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮೂರನೇ ತಿಂಗಳು, ಕಂಬಿ ಹಿಡಿದು, ಒಳ್ಳೆಯ ಕಾಲು ಮುಂದಿಟ್ಟು, ಹದಿನಾಲ್ಕೂ ಮೆಟ್ಟಿಲು ಹತ್ತಿದಳು.

ಅಕ್ಕ ಅವಳ ಕೆನ್ನೆ ಸವರಿದಳು. "ಎಷ್ಟು ಮುದುಕಿ ಆಗಿದೀಯೇ."

"ನೀನೇನು ಮದುವಣಗಿತ್ತಿನಾ? ಸರಿ, ಜಾಗ ಬಿಡು."

ಹಾಸಿಗೆಯ ಅಂಚಿನಲ್ಲಿ ಕೂತವಳು ಸಂಜೆಯವರೆಗೆ ಏಳಲಿಲ್ಲ.

ಮಂಡಿ ಹಿಡಿದು ಕೂತ ಅಕ್ಕಂದಿರೇ, ಅಣ್ಣಂದಿರೇ, ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಬೇಕೆಂದು ಡಾಕ್ಟರು ಹೇಳಿದರೆ ಚಿತ್ರ ನೋಡುತ್ತಾ ವರ್ಷ ಕಳೆಯಬೇಡಿ. ಅನುಮಾನವನ್ನೆಲ್ಲ ನಾಚದೆ ಕೇಳಿ, ತಿಳಿದು ನಿರ್ಧರಿಸಿ. ನಿಮ್ಮ ಮೆಟ್ಟಿಲಿನ ಕೊನೆಯಲ್ಲೂ ಯಾರೋ ಕಾಯುತ್ತಿದ್ದಾರೆ.