ಇಬ್ಬರೇ ಸಾಕು

ಕೆಂಗೇರಿ ಉಪನಗರದ ಚರ್ಚಿಗೆ ಐವತ್ತು ತುಂಬುವ ಭಾನುವಾರ ಪ್ರಸಂಗ ಮಾಡುವವಳು ನಾನೇ ಎಂದು ವಿಮಲಮ್ಮ ಪಟ್ಟು ಹಿಡಿದಿದ್ದಳು. ಒಂದೇ ಒಂದು ಸಲ, ಹತ್ತೇ ನಿಮಿಷ. ಮೂವತ್ತೆಂಟು ವರ್ಷ ಬೈಬಲ್ ಚೀಲ ಹೆಗಲಿಗೇರಿಸಿ ಉಪನಗರದ ಸಂದಿಗೊಂದಿ, ಮಲ್ಲತ್ತಹಳ್ಳಿ ಕೆರೆದಂಡೆಯ ಶೆಡ್ಡುಗಳನ್ನೆಲ್ಲ ಸುತ್ತಿದವಳು. ಬೀದಿನಾಯಿಗಳೂ ಅವಳನ್ನು ಕಂಡು ಬೊಗಳುವುದು ಬಿಟ್ಟಿದ್ದವು.

"ಮನೆಮನೆ ಸೇವೆ ನಿಮ್ದು ಅಮ್ಮಾ. ಪ್ರಸಂಗಪೀಠಕ್ಕೆ ಹೆಂಗಸರು ಹತ್ತೋದನ್ನ ಕಮಿಟಿ ಒಪ್ಪಲ್ಲ," ಎಂದುಬಿಟ್ಟರು ಸಭಾಪಾಲಕ ಮಧುಕುಮಾರ್.

ವಿಮಲಮ್ಮನಿಗೆ ಮೈಯೆಲ್ಲ ಉರಿಯಿತು. ಅವಳಜ್ಜಿಯೂ ಇದೇ ಕೆಲಸ ಮಾಡಿದವಳು. ಇಂಗ್ಲೆಂಡಿನಿಂದ ಬಂದ ಮಿಷನರಿ ದೊರೆಸಾನಿಗೆ ಕನ್ನಡ ಬಾರದು, ಊರವರ ನಡುಮನೆಯೊಳಕ್ಕೆ ಪ್ರವೇಶವೂ ಇಲ್ಲ. ಅಜ್ಜಿ ಒಳಗೆ ಹೋಗಿ, ರಾಗಿ ಬೀಸುವ ಹೆಂಗಸರ ಜೊತೆ ಕಲ್ಲು ತಿರುಗಿಸುತ್ತಾ ಯೇಸುವಿನ ಕಥೆ ಹೇಳಿದಳು. ಲಂಡನ್ನಿಗೆ ಹೋದ ವರದಿಯಲ್ಲಿ ದೊರೆಯ ಹೆಸರಿತ್ತು, ದೊರೆಸಾನಿಯ ಹೆಸರಿತ್ತು, ಅವರ ಕುದುರೆಯ ಹೆಸರೂ ಇತ್ತು. ಅಜ್ಜಿ ಮಾತ್ರ 'ಒಬ್ಬ ದೇಶೀ ಹೆಂಗಸು'. ದೊರೆಗಳು ಹಡಗು ಹತ್ತಿದರು, ಬರೆಯುವ ಕೈ ಬದಲಾಯಿತು, ಬರವಣಿಗೆ ಬದಲಾಗಲಿಲ್ಲ.

ಭಾನುವಾರ ಚರ್ಚು ತುಂಬಿ ಬಾಗಿಲಾಚೆಗೂ ಜನ. ಚರ್ಚು ಸ್ಥಾಪಿಸಿದ ದಿವಂಗತ ರಾಚಪ್ಪ ಅಯ್ಯನವರನ್ನು ಹೊಗಳುವ ಹುಮ್ಮಸ್ಸಿನಲ್ಲಿ ಮಧುಕುಮಾರ್ ಒಂದು ಎಡವಟ್ಟು ಮಾಡಿಕೊಂಡರು.

"ಈ ಸಭೆಗೆ ಯಾರಿಂದ ಬಂದ್ರಿ, ಎದ್ದು ಸಾಕ್ಷಿ ಹೇಳಿ. ಇಬ್ಬರೇ ಸಾಕು!"

ಸಾಕ್ಷಿ ಹೇಳುವವರನ್ನು ಆ ಚರ್ಚಿನಲ್ಲಿ ಯಾರೂ ತಡೆಯುವಂತಿಲ್ಲ, ಸಭಾಪಾಲಕರೂ ಸಹ.

ಬಾಗಲಕೋಟೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಭಾಗವ್ವ ಎದ್ದಳು. "ನನ್ನ ಕೂಸಿಗೆ ಜ್ವರಾ ಬಂದಾಗ ಮೂರು ದಿನಾ ಬಾಜೂಕ ಕುಂತವ್ರು ವಿಮಲಮ್ಮಾರು ರೀ. ಗಂಜಿ ಮೊದ್ಲ ಕಾಸಿದ್ರು, ಪ್ರಾರ್ಥನಾ ಆಮ್ಯಾಲ ಮಾಡಿದ್ರು!"

"ಆಮೆನ್!" ಎಂದಿತು ಸಭೆ.

"ನಂಗೆ ಓದೋಕೆ ಕಲಿಸಿದ್ದು ಈ ಆಂಟೀನೇ," ಎಂದಳು ಕಾಲೇಜಿನ ಬಿಂದುಶ್ರೀ. "ಕುಡಿದು ಬಂದ ನಮ್ಮಪ್ಪಂಗೆ ಚೀಲದಲ್ಲಿ ಬಾರಿಸಿದ್ದೂ ಆಂಟೀನೇ!"

"ಚೀಲದೊಳಗೆ ಬೈಬಲ್ ಇತ್ತು ಸಾರ್, ಎರಡು ಕೆಜಿ!" ಹಿಂದಿನ ಬೆಂಚಿನಿಂದ ಅವಳಪ್ಪ ಮಹೇಶ್ ಕೂಗಿದ. "ನೇರ ತಲೆಗೇ ಹೋಯ್ತು. ಅವತ್ತಿಂದ ಬಾಟ್ಲಿ ಮುಟ್ಟಿಲ್ಲ!"

ನಗು ಸೂರು ಹಾರಿಸಿತು. ಎಂಟಾಯಿತು, ಹದಿನೆಂಟಾಯಿತು, ಇಪ್ಪತ್ತಾರು ಜನ ಎದ್ದರು. ಎಲ್ಲರ ಬಾಯಲ್ಲೂ ಅದೇ ಹೆಸರು. ಬೆಂಚುಗಳು ತಮಟೆಯಾದವು. ವಿಮಲಮ್ಮ ನಾಚಿ, ಬೆವೆತು, ಸೆರಗು ಬಾಯಿಗಿಟ್ಟು ಕಿಸಕ್ಕೆಂದಳು.

"ಇಬ್ಬರೇ ಅಂದಿದ್ದೆ ನಾನು..."

"ಸುಮ್ನಿರಪ್ಪಾ!" ಕೋಲೂರಿ ಎದ್ದವರು ರಾಚಪ್ಪನವರ ಹೆಂಡತಿ, ವೆಂಕಟಲಕ್ಷ್ಮಮ್ಮ. "ಇವಳು ಮನೆಮನೆಯಿಂದ ಜನ ಕರ್ಕೊಂಡು ಬರೋಗಂಟ ನಮ್ಮ ಯಜಮಾನ್ರು ಬೆಂಚಿಗೇ ಪ್ರಸಂಗ ಮಾಡ್ತಿದ್ರು. ಕೆಳಗಿಳಿ ನೀನು. ಹತ್ತೇ ವಿಮಲಾ!"

ಮಧುಕುಮಾರ್ ಕಮಿಟಿಯತ್ತ ನೋಡಿದರು. ಕಮಿಟಿಯ ಅರ್ಧದಷ್ಟು ಜನ ಸಾಕ್ಷಿ ಹೇಳಲು ಎದ್ದು ನಿಂತಿದ್ದರು. ಸಭಾಪಾಲಕರಿಗೂ ನಗು ತಡೆಯಲಾಗದೆ, ಪೀಠದಿಂದ ಇಳಿದು ದಾರಿ ಬಿಟ್ಟರು.

ಮೂರೇ ಮೆಟ್ಟಿಲು. ವಿಮಲಮ್ಮ ಹತ್ತಿದಳು. ಮೈಕು ಗಂಡಸರ ಎತ್ತರಕ್ಕಿತ್ತು. ಅದರ ಕತ್ತು ಹಿಡಿದು ತನ್ನ ಬಾಯಿಗೆ ಬಗ್ಗಿಸಿಕೊಂಡಳು.

"ಎಲ್ರೂ ಕೂತ್ಕೊಳಿ," ಎಂದಳು. "ಹತ್ತು ನಿಮಿಷದಲ್ಲಿ ಮುಗಿಯಲ್ಲ."