ಶಾಪು ಮರಿ ಹಾರಿದ ಚಿತ್ರ

ಎದುರು ಬಂಡೆಯಲ್ಲಿ ಶಾಪು ಎಂಬ ಕಾಡುಕುರಿ ತನ್ನ ಒಂದು ಮರಿಯನ್ನು ದಾಟಿಸಿಕೊಂಡು ಆಗಲೇ ಬಿರುಕಿನ ಆಚೆ ನಿಂತಿತ್ತು. ಇನ್ನೊಂದು ಮರಿ ಈಚೆಯೇ ಉಳಿದುಬಿಟ್ಟಿತ್ತು. ಮುಂಗಾಲು ಮುಂದಿಡುವುದು, ಹಿಂದಕ್ಕೆಳೆದುಕೊಳ್ಳುವುದು, ಅರಚುವುದು. ಹುಟ್ಟಿ ವಾರವೂ ಆಗಿರದ ಜೀವ. ಕೆಳಗೆ ಸಿಂಧೂ ನದಿಯವರೆಗೂ ಬರೀ ಉರುಳುಗಲ್ಲು.

ಈಚೆ ದಿಣ್ಣೆಯ ಮೇಲೆ ಬೋರಲು ಮಲಗಿದ್ದ ನಮ್ತಕ್ ಕ್ಯಾಮೆರಾಕ್ಕೆ ಕಣ್ಣಿಟ್ಟಿದ್ದ. ಕಾಡುಕುರಿಯ ಮರಿ ಹಾರುವ ಒಂದೇ ಒಂದು ಚಿತ್ರಕ್ಕಾಗಿ ಹೋದ ವರ್ಷವೂ ಈ ಕೊರಕಲು ಅಲೆದು ಮೊಣಕಾಲು ಒಡೆದುಕೊಂಡಿದ್ದ ಮಹಾನುಭಾವ. ಪಕ್ಕದಲ್ಲಿ ಹೆಂಡತಿ ಯಾಂಗ್ಡೋಲ್ ದುರ್ಬೀನು ಹಿಡಿದಿದ್ದಳು. ಮದುವೆಗೆ ಮುಂಚೆ ಕುರಿ ಕಾದವಳು. ಉಣ್ಣೆಯ ಕವಣೆ ಈಗಲೂ ಅವಳ ಸೊಂಟದಲ್ಲೇ ಇರುತ್ತಿತ್ತು.

"ರೀ, ಮೇಲೆ ನೋಡಿ," ಎಂದಳು ಮೆಲ್ಲಗೆ.

ಹದ್ದು. ಬಂಡೆಯ ನೆತ್ತಿಯ ಮೇಲೆ ಸುತ್ತುತ್ತಿತ್ತು. ಅದು ಮರಿಯನ್ನು ಎತ್ತಿಕೊಂಡೇ ಹೋಗಬೇಕೆಂದಿಲ್ಲ, ಬಡಿದು ಕೆಡವಿದರೂ ಸಾಕು. ಯಾಂಗ್ಡೋಲ್‌ಳ ಕೈ ಸೊಂಟದ ಕವಣೆಗೆ ಹೋಯಿತು.

"ಒಂದು ಕಲ್ಲು ಬೀಸ್ಲಾ?"

"ಹುಚ್ಚಾ ನಿಂಗೆ? ಸದ್ದಿಗೆ ಬೆದರಿ ಮರೀನೇ ಬಿದ್ರೆ?"

"ಬೀಸ್ದೇ ಇದ್ರೆ ಹದ್ದು ಬೀಳ್ಸುತ್ತಲ್ಲ!"

"ತಡಿಯೇ ಸ್ವಲ್ಪ. ತಾಯಿ ಕರೀತಿದೆ, ಈಗ ದಾಟುತ್ತೆ."

ಮರಿ ದಾಟಲಿಲ್ಲ. ಹದ್ದಿನ ಸುತ್ತು ಕಿರಿದಾಯಿತು. ಯಾಂಗ್ಡೋಲ್ ದುರ್ಬೀನು ಇಳಿಸಿ ಗಂಡನ ಮುಖವನ್ನೇ ನೋಡಿದಳು.

"ನಿಜ ಹೇಳಿ. ನೀವು ಕಾಯ್ತಿರೋದು ಮರಿ ಹಾರೋದನ್ನೋ, ಹದ್ದು ಎರಗೋದನ್ನೋ?"

"ಬಾಯಿಗೆ ಬಂದಿದ್ದು ಮಾತಾಡ್ಬೇಡ," ಎಂದು ಸಿಡುಕಿದ. ಅಷ್ಟೊಂದು ಸಿಟ್ಟು ಯಾಕೆ ಬಂತೆಂದು ಅವನಿಗೇ ತಿಳಿಯಲಿಲ್ಲ.

ಹದ್ದು ರೆಕ್ಕೆ ಮಡಚಿತು. ಅವನ ಬೆರಳು ಗುಂಡಿ ಒತ್ತಿತು. ಅದೇ ಗಳಿಗೆಗೆ ಪಕ್ಕದಲ್ಲಿ ಕವಣೆ ಛಟೀರೆಂದಿತು. ಕಲ್ಲು ಬಂಡೆಯ ನೆತ್ತಿಗೆ ಬಡಿಯಿತು. ಹದ್ದು ಹೊರಳಿ ಕೊರಕಲಿನಾಚೆ ಹೋಯಿತು.

"ದಾಟ್ತು! ದಾಟ್ತು ರೀ! ಅಬ್ಬಾ, ಏನು ಹಾರ್ತು ಪುಟ್ಟ ಕಳ್ಳ!"

ಆಚೆ ಎರಡೂ ಮರಿಗಳು ತಾಯಿಯ ಹೊಟ್ಟೆಯಡಿ ತಲೆ ತೂರಿಸಿ ಮೊಲೆಗೆ ಗುದ್ದುತ್ತಿದ್ದವು. ನಮ್ತಕ್‌ಗೆ ಹೋದ ಜೀವ ಬಂದಂತಾಯಿತು.

"ತೋರ್ಸಿ, ತೋರ್ಸಿ," ಎಂದು ಯಾಂಗ್ಡೋಲ್ ಭುಜಕ್ಕೆ ಒರಗಿದಳು.

ಅವನು ಚಿತ್ರಗಳನ್ನು ಒಂದೊಂದಾಗಿ ಸರಿಸಿದ. ಹದ್ದು. ಹದ್ದಿನ ಉಗುರು. ಹದ್ದಿನ ಹಳದಿ ಕಣ್ಣು, ಎಷ್ಟು ಸ್ಪಷ್ಟವೆಂದರೆ ಕೈಯಲ್ಲಿ ಹಿಡಿದುಕೊಂಡು ನೋಡಿದ ಹಾಗೆ. ಆಮೇಲೆ ಖಾಲಿ ಆಕಾಶ.

"ಮರಿ ಎಲ್ಲಿ?"

ಅವನು ಮತ್ತೆ ಮೊದಲಿನಿಂದ ಹುಡುಕಿದ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಯಾಂಗ್ಡೋಲ್ ಫ್ಲಾಸ್ಕಿನಿಂದ ಬೆಣ್ಣೆ ಚಹಾ ಬಗ್ಗಿಸಿ ಅವನ ಮುಂದಿಟ್ಟಳು, ಕವಣೆಯನ್ನು ಸೊಂಟಕ್ಕೆ ಸುತ್ತಿಕೊಂಡಳು.

ಚಹಾ ಆರಿತು. ಅವನು ತಲೆ ಎತ್ತದೆಯೇ ಕೇಳಿದ:

"ಆ ಮರಿ ಹೇಗೆ ಹಾರ್ತು, ಹೇಳೇ."