ತೊಳೆದ ನಾಣ್ಯ

ಸೇಡಂನಲ್ಲಿ ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲ. ಸರಕಾರ ನಡೆಯುತ್ತದೆ ಅಂದಿದೆ, ಬ್ಯಾಂಕಿನ ಗೋಡೆಗೆ ಹಾಗಂತ ಕಾಗದವನ್ನೂ ಅಂಟಿಸಿದ್ದಾರೆ, ಆದರೂ ನಡೆಯುವುದಿಲ್ಲ. ಯಾಕೆ ಅಂತ ಕೇಳಿದರೆ ಚಹಾದವನು ಕಿರಾಣಿಯವನನ್ನು ತೋರಿಸುತ್ತಾನೆ, ಕಿರಾಣಿಯವನು ಚಹಾದವನನ್ನು ತೋರಿಸುತ್ತಾನೆ. ಹೀಗೆ ಊರೆಲ್ಲ ಬೇಡವೆಂದ ನಾಣ್ಯಗಳು ಕೊನೆಗೆ ಬಂದು ಬೀಳುವುದು ಬಸ್ ನಿಲ್ದಾಣದ ಶೌಚಾಲಯದ ಡಬ್ಬಿಗೆ. ಆ ಡಬ್ಬಿಯ ಮುಂದೆ ನಾನು ಕೂರುತ್ತೇನೆ. ಅವಸರದಲ್ಲಿದ್ದವನು ಹತ್ತರ ನಾಣ್ಯ ಎಸೆದು ಒಳಗೆ ಓಡಿದರೆ ಅವನ ಹಿಂದೆ ಓಡಲಿಕ್ಕೆ ಆಗುವುದಿಲ್ಲ.

ಕುರ್ಚಿ ನಿಜವಾಗಿ ಅವ್ವನದು. ಅವಳ ಮೊಣಕಾಲು ಬಾತುಕೊಂಡ ಮೇಲೆ ಬೆಳಿಗ್ಗೆ ಆರರಿಂದ ಎರಡರವರೆಗಿನ ಪಾಳಿ ನನಗೆ ಬಂತು. ಅಷ್ಟರಲ್ಲಿ ನನ್ನ ಬಿ.ಎ. ಮುಗಿದಿತ್ತು. ಗುತ್ತಿಗೆದಾರ ದಿನಕ್ಕೆ ಇಷ್ಟು ಅಂತ ನೋಟಿನಲ್ಲೇ ಒಯ್ಯುತ್ತಾನೆ, ಚಿಲ್ಲರೆ ಮುಟ್ಟುವುದಿಲ್ಲ. ಉಳಿದ ಚಿಲ್ಲರೆ ನಮ್ಮದು. ಅದರಲ್ಲೇ ಅಕ್ಕಿ, ಬೇಳೆ, ಎಣ್ಣೆ.

ಆದರೆ ಆ ಚಿಲ್ಲರೆಯನ್ನು ಯಾರೂ ಹಾಗೇ ತೆಗೆದುಕೊಳ್ಳುವುದಿಲ್ಲ. ನಿಲ್ದಾಣದ ಎದುರಿಗೆ ಬಸವಂತರಾಯನ ಕಿರಾಣಿ ಅಂಗಡಿ ಇದೆ. ಹಣದ ಗಲ್ಲೆಯ ಮೇಲೆ ಬಸವಣ್ಣನ ಫೋಟೊ, ಫೋಟೊಕ್ಕೆ ದಿನವೂ ತಾಜಾ ಹೂವು. ಅದರ ಕೆಳಗೆ ಕೂತು ಅವನು ವರ್ಷಗಳ ಹಿಂದೆ ಅವ್ವನಿಗೆ ಒಂದು ಕಾಯ್ದೆ ಮಾಡಿಕೊಟ್ಟಿದ್ದ: “ಶಿವಗಂಗಮ್ಮ, ಸಂಡಾಸದ ರೊಕ್ಕ ಹಂಗೇ ತರಬ್ಯಾಡ. ತೊಳ್ದು ತಾ. ದೇವರ ಮುಂದ ಇಡೂ ಗಲ್ಲೆ ಇದು.”

ಅವ್ವ ತೊಳೆಯುತ್ತಿದ್ದಳು. ದಿನಾ ಸಂಜೆ ಒಡೆದ ಮಗ್ಗಿನಲ್ಲಿ ಚಿಲ್ಲರೆ ಸುರಿದು, ಶೌಚಾಲಯಕ್ಕೆ ಹಾಕುವ ಆ್ಯಸಿಡ್ಡನ್ನೇ ಸ್ವಲ್ಪ ಬಗ್ಗಿಸಿ, ಹಾಸುಗಲ್ಲು ಕೊಯ್ಯುವ ಮಷೀನಿನ ಕಡೆಯಿಂದ ತಂದ ಕಲ್ಲಿನ ಪುಡಿ ಹಾಕಿ ಗಸಗಸ ತಿಕ್ಕುತ್ತಿದ್ದಳು. ಆಮೇಲೆ ಮೂರು ನೀರು. ಒಣಗಿದ ನಾಣ್ಯಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋದರೆ ಅವನು ಒಂದನ್ನು ಎತ್ತಿ ಮೂಸಿ ನೋಡಿ ಗಲ್ಲೆಗೆ ಹಾಕಿಕೊಳ್ಳುತ್ತಿದ್ದ. ಸೇಡಂನ ಯಾವ ಶ್ರೀಮಂತನ ಜೇಬಿನಲ್ಲೂ ನಮ್ಮಷ್ಟು ಸ್ವಚ್ಛ ಹಣ ಇರಲಿಲ್ಲ. ಹತ್ತರ ನಾಣ್ಯಗಳನ್ನು ಮಾತ್ರ ತೊಳೆದರೂ ಅವನು ಮುಟ್ಟುತ್ತಿರಲಿಲ್ಲ. ಅವನ್ನು ಅವ್ವ ತಿಂಗಳಿಗೊಮ್ಮೆ ಬ್ಯಾಂಕಿಗೆ ಒಯ್ದು ಬದಲಿಸುತ್ತಿದ್ದಳು.

ಇದೇ ಬಸವಂತರಾಯ ಹೋದ ವರ್ಷ ನಾಣ್ಯ ಪಂಡಿತನಾದ. ಅಳಿಯ ಕೊಡಿಸಿದ ಫೋನಿನಲ್ಲಿ ವಿಡಿಯೊ ನೋಡಿ, ದೇವಿಯ ಚಿತ್ರವಿರುವ ಐದು ರೂಪಾಯಿಯ ನಾಣ್ಯಕ್ಕೆ ಐದು ಲಕ್ಷ ಬರುತ್ತದೆ ಎಂದು ತಿಳಿದುಕೊಂಡ. ಅಂಥದ್ದು ಅವನ ಗಲ್ಲೆಯಲ್ಲೇ ಸಿಕ್ಕಿತು. ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಒಂದು ದಿನ ನನ್ನ ಹತ್ತಿರ ಬಂದ. ಶೌಚಾಲಯದ ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತ.

“ಲುಂಬಿನಿ, ನೀ ಓದಿದಾಕಿ. ಇದರ ಬೆಲೆ ಹೇಳು ನೋಡೋಣ.”

ಕಲಬುರಗಿಯ ಹಾಸ್ಟೆಲಿನ ಲೈಬ್ರರಿಯಲ್ಲಿ ರಟ್ಟು ಹರಿದ ಒಂದು ನಾಣ್ಯಪುಸ್ತಕವಿತ್ತು. ಬೇರೆ ಯಾರೂ ಅದನ್ನು ಕೇಳುತ್ತಿರಲಿಲ್ಲವಾದ್ದರಿಂದ ನಾನು ಮೂರು ಸಲ ಓದಿದ್ದೆ. ಅದರಿಂದ ಕಲಿತದ್ದು ಇಷ್ಟೇ: ಲಕ್ಷಗಟ್ಟಲೆ ಹೊಡೆದ ನಾಣ್ಯಕ್ಕೆ ಅದರ ಮೇಲೆ ಬರೆದದ್ದೇ ಬೆಲೆ, ಚಿತ್ರ ಯಾವ ದೇವರದಾದರೂ ಇರಲಿ. ಬೆಲೆ ಬರುವುದು ಟಂಕಸಾಲೆ ತಪ್ಪು ಮಾಡಿದಾಗ. ಅಚ್ಚು ಸರಿದಿರಬೇಕು, ಒಂದು ಮುಖ ಬೋಳಾಗಿರಬೇಕು, ಒಂದರ ಬಿಲ್ಲೆಯ ಮೇಲೆ ಇನ್ನೊಂದರ ಅಚ್ಚು ಬಿದ್ದಿರಬೇಕು. ಆ ತಪ್ಪು ಟಂಕಸಾಲೆಯಿಂದ ಹೊರಬಂದ ಹಾಗೇ ಇರಬೇಕು.

“ಐದು ರೂಪಾಯಿ ಸಾವಕಾರ್ರ” ಅಂದೆ.

“ಐದು ಲಕ್ಷ.”

“ಹಂಗಾರ ನನಗ ಯಾಕ ಕೇಳ್ತೀರಿ?”

ಅವನಿಗೆ ಸಿಟ್ಟು ಬಂತು. “ಸಂಡಾಸದ ಮುಂದ ಕುಂತಾಕಿಗಿ ಇದೆಲ್ಲ ಏನ್ ತಿಳೀತದ” ಅಂತ ಬಟ್ಟೆ ಸುತ್ತಿಕೊಂಡು ಹೋದ. ಫೋನಿನಲ್ಲಿ ಯಾವನೋ ಹಿಂದಿಯಲ್ಲಿ ಮಾತಾಡುವವನು ನೋಂದಣಿ ಫೀಸು ಅಂತ ಎರಡು ಸಾವಿರದ ಒಂದುನೂರು ಹಾಕಿಸಿಕೊಂಡ. ಆಮೇಲೆ ತೆರಿಗೆ ಅಂತ ಐದೂವರೆ ಸಾವಿರ. ಮುಂಬೈಯಿಂದ ಗಾಡಿ ಬರುತ್ತದೆ ಎಂದು ಬಸವಂತರಾಯ ಮೂರು ದಿನ ಹೊಸ ಧೋತರ ಉಟ್ಟು ಕೂತಿದ್ದ. ಬಂದದ್ದು ಬೇಳೆಯ ಗಾಡಿ.

ಇರಲಿ. ನನ್ನ ವಿಷಯಕ್ಕೆ ಬರುತ್ತೇನೆ. ಚಿತ್ತಾಪುರದ ಒಂದು ಕಾಲೇಜಿನಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿತ್ತು. ಫೀಸು ತುಂಬಲು ಮಂಗಳವಾರ ಕೊನೆಯ ದಿನ. ನಾಲ್ಕು ಸಾವಿರ ಕಡಿಮೆ ಬೀಳುತ್ತಿತ್ತು. ಅದು ಸಿಗದಿದ್ದರೆ ಇನ್ನೊಂದು ವರ್ಷ ಅದೇ ಕುರ್ಚಿ, ಅದೇ ಡಬ್ಬಿ.

ಶುಕ್ರವಾರ ಆಡಕಿಯ ಬಸ್ಸು ಬಂದು ನಿಂತ ಗದ್ದಲದಲ್ಲಿ ಒಬ್ಬ ಹತ್ತರ ನಾಣ್ಯ ಎಸೆದು ಹೋದ. ಡಬ್ಬಿಯಲ್ಲಿ ಅದು ಬೇರೆ ಥರ ಕಂಡಿತು. ಹತ್ತರ ನಾಣ್ಯದಲ್ಲಿ ನಡುವೆ ಬಿಳಿ ಬಿಲ್ಲೆ, ಸುತ್ತ ಹಳದಿ ಬಳೆ. ಇದರಲ್ಲಿ ಬಿಳಿ ಬಿಲ್ಲೆ ಒಂದು ಪಕ್ಕಕ್ಕೆ ಸರಿದು ಹಳದಿ ಬಳೆಯನ್ನು ಅಂಚಿನವರೆಗೂ ಕಚ್ಚಿತ್ತು. ಅದರ ಮೇಲೆ ಅಚ್ಚು ಸರಿಯಾಗಿಯೇ ಬಿದ್ದಿತ್ತು. ಅಂದರೆ ಯಾರೋ ಸುತ್ತಿಗೆಯಿಂದ ಬಡಿದದ್ದಲ್ಲ, ಹುಟ್ಟುವಾಗಲೇ ಹಾಗೆ ಹುಟ್ಟಿದ್ದು.

ಶಹಾಬಾದದಲ್ಲಿ ಶಹಾಬುದ್ದೀನ ಎಂಬ ಹಳೆಯ ಗಡಿಯಾರ ರಿಪೇರಿಯವರಿದ್ದಾರೆ, ನಾಣ್ಯಗಳನ್ನೂ ಕೊಳ್ಳುತ್ತಾರೆ. ಕಲಬುರಗಿಯ ನಾಣ್ಯ ಪ್ರದರ್ಶನದಲ್ಲಿ ಅವರನ್ನು ಕಂಡಿದ್ದೆ, ನಂಬರ್ ಇತ್ತು. ಎರಡೂ ಬದಿಯ ಫೋಟೊ ಕಳಿಸಿದೆ. ಅರ್ಧ ತಾಸಿನಲ್ಲಿ ಫೋನು ಬಂತು.

“ಬೇಟಿ, ಇದು ಟಂಕಸಾಲಿ ಗಲತಿ. ಅಸಲಿ ಅದ. ಎಲ್ಲಿ ಸಿಕ್ತು?”

“ಸಂಡಾಸದ ಡಬ್ಬಿಯೊಳಗ ಚಾಚಾ.”

“ನಾಣ್ಯಕ್ಕ ಮೂಗ ಇರಂಗಿಲ್ಲ. ಐತವಾರ ತಗೊಂಡ್ ಬಾ, ನಾಲ್ಕು ಸಾವಿರ ಕೊಡ್ತೀನಿ. ಒಂದು ಮಾತು ಕೇಳು. ತೊಳೀಬ್ಯಾಡ, ಒರಸಬ್ಯಾಡ. ಹ್ಯಾಂಗದ ಹಂಗೇ ಬರಬೇಕು.”

ಗುಳಿಗೆಯ ಕಾಗದದಲ್ಲಿ ಸುತ್ತಿ ಮನೆಯ ಗೂಡಿನಲ್ಲಿ ನನ್ನ ಪುಸ್ತಕಗಳ ಹಿಂದೆ ಇಟ್ಟೆ. ಅವ್ವನಿಗೆ ಹೇಳಲಿಲ್ಲ. ಅವ್ವನಿಗೆ ಹೇಳಿದ್ದು ಸಂಜೆಯೊಳಗೆ ಮುಧೋಳ ಬಸ್ಸಿನ ಕಂಡಕ್ಟರನಿಗೂ ಗೊತ್ತಿರುತ್ತದೆ. ಊರವರ ದಡ್ಡತನದ ಬಗ್ಗೆ ನನಗೆ ಬಹಳ ತಿಳಿದಿತ್ತು. ನನ್ನದರ ಬಗ್ಗೆ ತಿಳಿದಿರಲಿಲ್ಲ.

ಶನಿವಾರ ಕಾಗದಪತ್ರ ಕೊಡಲು ಚಿತ್ತಾಪುರಕ್ಕೆ ಹೋದೆ. ಸಂಜೆ ಬಂದಾಗ ಅವ್ವ ಹೊಸ್ತಿಲಲ್ಲಿ ಕೂತು ಒದರಾಡುತ್ತಿದ್ದಳು.

“ಎರಡನೇ ಶನಿವಾರ, ಬ್ಯಾಂಕ್ ಬಂದ್. ಮನ್ಯಾಗ ಬ್ಯಾಳಿ ಇಲ್ಲ, ಚಿಲ್ಲರಿ ಹತ್ತು ರೂಪಾಯಿ ಕಡಿಮಿ ಬಿತ್ತು. ನಿನ್ನ ಗೂಡಿನ್ಯಾಗ ಒಂದು ಹತ್ತರ ಬಿಲ್ಲಿ ಸಿಕ್ತು, ಕರ್ರಗ ಹೊಲಸಾಗಿತ್ತು. ನೀ ತೊಳ್ಯಾಕ ಮರ್ತೀದಿ ಅಂತ ಭಾಳ ಹೊತ್ತು ತಿಕ್ಕಿದೆ. ಹೊಳೆಯೂ ಹಂಗ ಮಾಡಿ ಒಯ್ದ್ರ ಆ ಸಾವಕಾರ ತಕ್ಕಡಿಲೆ ನೂಕಿದ. ತೊಳ್ದ್ರೇನು, ಇದು ಖೋಟಾ ಅದ, ಪೊಲೀಸರಿಗಿ ಹೇಳ್ತೀನಿ ಅಂದ.”

ಅವಳು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಹಳದಿ ಬಳೆ ಆ್ಯಸಿಡ್ಡಿಗೆ ತಾಮ್ರದಂತೆ ಕೆಂಪಾಗಿತ್ತು. ಬಿಳಿ ಬಿಲ್ಲೆಯ ಮೇಲೆ ಕಲ್ಲಿನ ಪುಡಿಯ ಗೆರೆಗಳು. ಅಕ್ಷರಗಳ ಅಂಚು ಸವೆದಿತ್ತು. ಅವ್ವ ಯಾವ ಕೆಲಸವನ್ನೂ ಅರ್ಧ ಮಾಡುವವಳಲ್ಲ.

“ಇದು ನಾಲ್ಕು ಸಾವಿರದ್ದು ಇತ್ತು” ಅಂದೆ.

ಅವ್ವ ನನ್ನ ಮುಖ ನೋಡಿದಳು. “ಹೇಳಬೇಕಿಲ್ಲ?” ಅಂದಳು.

ಆದರೂ ಭಾನುವಾರ ರೈಲು ಹತ್ತಿದೆ. ವಾಡಿಯಲ್ಲಿ ಗಾಡಿ ಮುಕ್ಕಾಲು ತಾಸು ನಿಂತಿತು. ಶಹಾಬುದ್ದೀನ ಚಾಚಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು, ತೆಗೆದರು, ಮತ್ತೆ ನೋಡಿದರು.

“ಯಾರು ತೊಳ್ದ್ರು?”

“ನಮ್ಮವ್ವ.”

“ಆ್ಯಸಿಡ್?”

“ಹೌದ್ರಿ.”

“ಎದಕ್ಕ?”

ಕಾರಣ ಹೇಳಿದೆ. ಅವರು ಚಹಾ ತರಿಸಿದರು. ಕುಡಿದಾದ ಮೇಲೆ, “ಗಲತಿ ಇದ್ದೇ ಅದ, ಆದರ ಮ್ಯಾಲಿನ ಮೈ ಸವದು ಹೋಗ್ಯಾದ. ಐದುನೂರು ಕೊಡ್ತೀನಿ, ಅದೂ ನೀ ಇಲ್ಲೀತನ ಬಂದಿದ್ದಕ್ಕ” ಅಂದರು. ಐದುನೂರಕ್ಕೆ ಬಿ.ಎಡ್. ಸಿಗುವುದಿಲ್ಲ. ನಾಣ್ಯ ವಾಪಸು ತಂದೆ.

ಅಷ್ಟರಲ್ಲಿ ಅವ್ವ ನಿಲ್ದಾಣದ ಹಣ್ಣಿನವಳ ಮುಂದೆ ನಾಣ್ಯದ, ಶಹಾಬಾದದ ಸಂಗತಿಯೆಲ್ಲ ಹೇಳಿಕೊಂಡು ಅತ್ತಿದ್ದಳು. ಹಣ್ಣಿನವಳು ಎಲ್ಲರಿಗೂ ಹೇಳಿದ್ದಳು. ಸೋಮವಾರ ಬೆಳಿಗ್ಗೆ ಏಳಕ್ಕೆ ಬಸವಂತರಾಯ ಹಾಜರಾದ. ಈ ಸಲ ಮೆಟ್ಟಿಲು ಹತ್ತಿದ. ಫಿನೈಲಿನ ವಾಸನೆಯಲ್ಲಿ ಮೂಗು ಮುಚ್ಚದೆ ನನ್ನ ಎದುರು ನಿಂತ.

“ತಂಗಿ, ಆ ಹತ್ತರ ಬಿಲ್ಲಿ ಅದ ಏನು?”

“ಅದ. ಶನಿವಾರ ಖೋಟಾ ಅಂದಿದ್ರೆಲ್ಲ?”

“ಗಿರಾಕಿ ಗದ್ದಲದಾಗ ಸರಿಯಾಗಿ ನೋಡಿರಲಿಲ್ಲ. ಎಷ್ಟು ಹೇಳ್ತಿ?”

“ಸಾವಕಾರ್ರ, ಅದು ತೊಳ್ದಿದ್ದು. ಕೆಟ್ಟದ. ಬೆಲಿ ಇಲ್ಲ.”

ಅವನು ನಕ್ಕ. “ವ್ಯಾಪಾರ ನನಗ ಕಲಿಸ್ತೀದಿ? ಬೆಲಿ ಇಲ್ದ ಶಹಾಬಾದಕ್ಕ ಹೋಗಿದ್ದೇನು?”

“ಅಲ್ಲಿ ಐದುನೂರು ಅಂದ್ರು.”

“ಅಗ್ಗದಾಗ ಹೊಡ್ಕೊಳ್ಳಾಕ ಹಂಗೇ ಅಂತಾರ. ನಾ ಒಂದು ಸಾವಿರ ಕೊಡ್ತೀನಿ.”

“ಬ್ಯಾಡ್ರಿ. ನಿಮಗ ಲುಕ್ಸಾನ ಆಗ್ತದ. ಬೆಲಿ ಇಲ್ಲ ಅಂತ ಮತ್ತ ಹೇಳಾಕತ್ತೀನಿ.”

ನಾನು ನಿಜ ಹೇಳಿದಷ್ಟೂ ಅವನ ಕಣ್ಣುಗಳು ಅಗಲವಾದವು. ನಾನು ಬೇಡವೆಂದಾಗಲೆಲ್ಲ ಅವನು ಏರಿಸಿದ. ಫೋನಿನ ಕಳ್ಳನನ್ನು ನಂಬಿದವನಿಗೆ ಎದುರಿಗೆ ಕೂತವಳನ್ನು ನಂಬುವುದು ಅವಮಾನವೆನಿಸಿರಬೇಕು. ಎರಡೂವರೆ. ಮೂರು. ಒಳಗಿನಿಂದ ಬಂದ ಒಬ್ಬ ಪ್ರಯಾಣಿಕ ಕೈ ಒರೆಸುತ್ತ ನಿಂತು ತಮಾಷೆ ನೋಡಿದ.

“ನಾಲ್ಕು” ಅಂತ ಬಸವಂತರಾಯ ಎಂಟು ಐನೂರರ ನೋಟುಗಳನ್ನು ಡಬ್ಬಿಯ ಮೇಲೆ ಇಟ್ಟ. “ಇದಕ್ಕಿಂತ ಒಂದು ಪೈಸಾ ಹೆಚ್ಚು ಇಲ್ಲ.”

“ಮೂರನೇ ಸಲ ಹೇಳ್ತೀನಿ. ಇದರ ಬೆಲಿ ಹೋಗ್ಯಾದ. ಇವರ ಮುಂದೇ ಹೇಳೀನಿ.” ಪ್ರಯಾಣಿಕನನ್ನು ತೋರಿಸಿದೆ.

“ಆತು, ಆತು, ಕೊಡು.”

ಕೊಟ್ಟೆ. ಅವನು ನಾಣ್ಯವನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಮುಖ ಸ್ವಲ್ಪ ಗಂಟಾಯಿತು.

“ತೊಳೀಬಾರದಿತ್ತು ತಂಗಿ. ಹಳೇ ರೊಕ್ಕಕ್ಕ ನೀರು ಮುಟ್ಟಿಸಬಾರದು ಅಂತ ವಿಡಿಯೊದಾಗ ದಿನಾ ಹೇಳ್ತಾರ. ಇಷ್ಟೂ ತಿಳುವಳಿಕಿ ಇಲ್ಲೇನು ನಿಮಗ?”

“ತೊಳ್ದು ತಾ ಅಂದವರು ನೀವೇ ಅಲ್ಲೇನ್ರಿ.”

“ಅದು ಬ್ಯಾರೆ” ಅಂದ. ರೇಷ್ಮೆ ಬಟ್ಟೆ ತೆಗೆದು ದೇವಿಯ ನಾಣ್ಯದ ಪಕ್ಕದಲ್ಲಿ ಇದನ್ನೂ ಇಟ್ಟು ಸುತ್ತಿಕೊಂಡು ಮೆಟ್ಟಿಲಿಳಿದ.

ಸಂಜೆ ಅವ್ವ ಕೇಳಿದಳು, “ಇದು ಮೋಸ ಅಲ್ಲೇನ?”

“ಮೂರು ಸಲ ಹೇಳೀನವ್ವ.”

“ಹೇಳ್ದ್ರ ಆತೇನು?”

“ಮತ್ತೇನು ಬಡೀಬೇಕಿತ್ತೇನು ಅವನಿಗಿ?”

ಮಂಗಳವಾರ ಚಿತ್ತಾಪುರಕ್ಕೆ ಹೋಗಿ ಫೀಸು ತುಂಬಿದೆ. ಗುಮಾಸ್ತ ನೋಟುಗಳನ್ನು ಎಣಿಸಿ ರಸೀದಿ ಹರಿದುಕೊಟ್ಟ. ಎಲ್ಲಿಂದ ಬಂದವು ಅಂತ ಕೇಳಲಿಲ್ಲ, ಮೂಸಿಯೂ ನೋಡಲಿಲ್ಲ. ತರಗತಿ ಮುಂದಿನ ತಿಂಗಳು ಶುರು. ಅಲ್ಲಿಯವರೆಗೆ ಪಾಳಿ ನನ್ನದೇ.

ಬುಧವಾರ ಅವ್ವ ಬೇಳೆಗೆ ಹೊರಟಾಗ ನಾನೇ ಅಂದೆ, ಇನ್ನು ತೊಳೆಯುವುದು ಬೇಡ, ಹಾಗೇ ಒಯ್ಯಿ, ಈಗ ಅವನಿಗೂ ಬುದ್ಧಿ ಬಂದಿದೆ ಅಂತ. ಅವ್ವ ಹೋದ ಕಾಲಲ್ಲೇ ವಾಪಸು ಬಂದಳು. ಬಸವಂತರಾಯ ಐದರ ನಾಣ್ಯ ಒಂದನ್ನು ಎತ್ತಿ, ಮೂಸಿ, ಎಲ್ಲವನ್ನೂ ತಕ್ಕಡಿಯಿಂದ ನೂಕಿದ್ದನಂತೆ.

“ತೊಳ್ದು ತಾ ಅಂದ” ಅಂತ ಅವ್ವ ಮೂಲೆಯಿಂದ ಆ್ಯಸಿಡ್ಡಿನ ಬಾಟಲಿ ತೆಗೆದಳು.

ನಾನು ಮಗ್ಗನ್ನು ನನ್ನ ಕಡೆಗೆ ಎಳೆದುಕೊಂಡೆ. ಒಂದೊಂದೇ ನಾಣ್ಯವನ್ನು ಬಾಗಿಲ ಬೆಳಕಿಗೆ ಹಿಡಿದು, ಎರಡೂ ಬದಿ ನೋಡಿ, ಆಮೇಲೆ ಅವಳ ಕೈಗೆ ಕೊಟ್ಟೆ.